ಎಡಿಎಚ್‌ಡಿ: ಮಕ್ಕಳ ಬಗ್ಗೆ, ದೊಡ್ಡವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಮಗಳಿಗೆ 8 ವರ್ಷವಿದ್ದಾಗ ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಇದೆ ಅಂತ ಗೊತ್ತಾಯಿತು. ಅದಾಗಿ ಎರಡು ವರ್ಷಕ್ಕೆ ನನಗೂ ಇದೆ ಅಂತ ಗೊತ್ತಾಯಿತು. ಆಗ ನನಗೆ 41. ಅಲ್ಲಿಂದೀಚೆಗೆ ನೆಂಟರು, ಗೆಳೆಯರು, ಗೆಳೆಯರ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಪ್ರತಿ ಸಲ ಮೊದಲಿಂದ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ಎಲ್ಲವನ್ನೂ ಸಾಲಾಗಿ ಓದಬೇಕಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ. ಈ ಸಮಸ್ಯೆ ಇರುವವರು ಹೇಗೂ ಹಾಗೇ ಓದುತ್ತಾರೆ.

ಎಡಿಡಿ, ಎಡಿಎಚ್‌ಡಿ ಎರಡೂ ಒಂದೇನಾ?

ಹೌದು. ಎಡಿಡಿ, ಅಂದರೆ ಬರೀ ಗಮನ ಕೊರತೆಯ ತೊಂದರೆ ಅನ್ನುವುದು ಹಳೆಯ ಹೆಸರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ 1980ರಲ್ಲಿ ಆ ಹೆಸರು ಕೊಟ್ಟಿತು. 1987ರಲ್ಲಿ ಅದನ್ನು ಎಡಿಎಚ್‌ಡಿ ಅಂತ ಬದಲಾಯಿಸಿತು. ನಡುವೆ ಸೇರಿದ 'ಎಚ್' ಅಂದರೆ ಅತಿ ಚಟುವಟಿಕೆ. ಹಾಗಂತ ಎಲ್ಲರಲ್ಲೂ ಅತಿ ಚಟುವಟಿಕೆ ಇರಲೇಬೇಕು ಅಂತಿಲ್ಲ. ಕೆಲವರಲ್ಲಿ ಗಮನದ ತೊಂದರೆ ಮುಂದಿರುತ್ತದೆ, ಕೆಲವರಲ್ಲಿ ಚಡಪಡಿಕೆ ಮತ್ತು ಹಿಂದೆಮುಂದೆ ನೋಡದೆ ಮಾಡಿಬಿಡುವುದು ಮುಂದಿರುತ್ತದೆ, ಕೆಲವರಲ್ಲಿ ಎರಡೂ. ಮೊದಲನೇ ಗುಂಪಿನವರನ್ನು ಈಗಲೂ ಎಷ್ಟೋ ಜನ ಎಡಿಡಿ ಅಂತಲೇ ಕರೆಯುತ್ತಾರೆ. ತಪ್ಪೇನಿಲ್ಲ.

ಗಮನ ಕೊರತೆ ಅಂದರೆ ಕೊರತೆ ಇರುವುದು ಯಾವುದರದ್ದು?

ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಗಮನ ಬೇಕಾದಷ್ಟಿರುತ್ತದೆ, ಒಮ್ಮೊಮ್ಮೆ ಜಾಸ್ತಿಯೇ ಇರುತ್ತದೆ. ಅದನ್ನು ಬೇಕಾದ ಕಡೆ ತಿರುಗಿಸುವುದು, ಬೇಕಾದಷ್ಟು ಹೊತ್ತು ಅಲ್ಲೇ ನಿಲ್ಲಿಸುವುದು, ಸಾಕು ಅನಿಸಿದಾಗ ಬಿಡಿಸಿಕೊಳ್ಳುವುದು, ಈ ಮೂರರಲ್ಲಿ ಹಿಡಿತ ತಪ್ಪುತ್ತದೆ.

ನಮ್ಮ ಮನೆಯ ಒಂದು ಬೆಳಗ್ಗೆ ಹೇಳುತ್ತೇನೆ. ಮಗಳಿಗೆ "ಹೋಗಿ ಸಾಕ್ಸು ಶೂ ಹಾಕ್ಕೊಂಡು ಬಾ" ಅಂದೆ. "ಸರಿ" ಅಂದಳು. ಹೋದಳು. ಹತ್ತು ನಿಮಿಷ ಸದ್ದಿಲ್ಲ. ಹೋಗಿ ನೋಡಿದರೆ ಒಂದು ಕಾಲಿಗೆ ಸಾಕ್ಸ್ ಇದೆ. ಇನ್ನೊಂದು ಸಾಕ್ಸ್ ಕೈಯಲ್ಲಿದೆ. ಶೂ ಗೂಡಿನಲ್ಲಿ ಹಾಸಿದ್ದ ಹಳೇ ಪೇಪರಿನಲ್ಲಿ ತಿಮಿಂಗಿಲದ ಸುದ್ದಿ ಇತ್ತು, ಮಂಡಿಯೂರಿ ಅದನ್ನು ಓದುತ್ತಿದ್ದಾಳೆ. ನನ್ನನ್ನು ನೋಡಿ ಬೆಚ್ಚಿಬಿದ್ದಳು. ನನ್ನ ಮಾತು ಮೀರಬೇಕು ಅಂತ ಅವಳು ಮಾಡಿದ್ದಲ್ಲ. ಶೂ ಹಾಕಿಕೊಳ್ಳಬೇಕು ಅನ್ನುವುದು ಅವಳಿಗೆ ಗೊತ್ತಿತ್ತು, ಹಾಕಿಕೊಳ್ಳಲು ಬರುತ್ತಿತ್ತು, ಹಾಕಿಕೊಳ್ಳುವ ಮನಸ್ಸೂ ಇತ್ತು. ಆ ಗಳಿಗೆಯಲ್ಲಿ ತಿಮಿಂಗಿಲ ಗೆದ್ದಿತು, ಅಷ್ಟೇ.

ಎಡಿಎಚ್‌ಡಿಯನ್ನು ಒಂದೇ ಸಾಲಿನಲ್ಲಿ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ: ಗೊತ್ತಿರುವುದನ್ನು ಗೊತ್ತಿರುವ ಹೊತ್ತಿಗೆ ಮಾಡಲಾಗದ ತೊಂದರೆ. ಹೇಳಿಕೊಟ್ಟು ಸರಿಮಾಡೋಣ ಅಂತ ಹೊರಟವರು ಸೋಲುವುದು ಇದಕ್ಕೇ. ಹೇಳಿಕೊಡಲು ಅಲ್ಲಿ ಬಾಕಿ ಏನೂ ಇರುವುದಿಲ್ಲ.

ವಿಡಿಯೊ ಗೇಮ್ ಮುಂದೆ ಮೂರು ಗಂಟೆ ಅಲುಗಾಡದೆ ಕೂರುತ್ತಾನೆ. ಪುಸ್ತಕ ಕೊಟ್ಟರೆ ಮೂರು ನಿಮಿಷ. ಇದು ಸೋಮಾರಿತನ ಅಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ಗೇಮಿನಲ್ಲಿ ಕ್ಷಣಕ್ಷಣಕ್ಕೂ ಏನೋ ಆಗುತ್ತದೆ. ಸರಿ ಮಾಡಿದರೆ ಆಗಲೇ ಪಾಯಿಂಟ್, ತಪ್ಪಿದರೆ ಆಗಲೇ ಔಟ್. ಮೆದುಳಿಗೆ ಕೂಲಿ ಕೈಗೆ ಕೈಗೇ ಸಿಗುತ್ತದೆ. ಮಗ್ಗಿ ಬರೆದರೆ ಸಿಗುವ ಕೂಲಿ ತಿಂಗಳಾಚೆ, ಪರೀಕ್ಷೆಯಲ್ಲಿ. ದೂರದ ಫಲಕ್ಕಾಗಿ ಈಗ ಬೇಸರ ಸಹಿಸುವುದು ಎಲ್ಲರಿಗೂ ಕಷ್ಟ. ಎಡಿಎಚ್‌ಡಿ ಇರುವ ಮೆದುಳಿಗೆ ಅದು ಬಹಳ ಹೆಚ್ಚು ಕಷ್ಟ.

ಆಸೆಯ ವಿಷಯ ಸಿಕ್ಕರೆ ಇವರು ಊಟ, ನಿದ್ದೆ ಮರೆತು ಮುಳುಗುತ್ತಾರೆ. ಕರೆದರೂ ಕೇಳಿಸುವುದಿಲ್ಲ. ಅದು ಗಮನ ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ಬಿಡಿಸಿಕೊಳ್ಳಲು ಬರುತ್ತಿಲ್ಲ ಅನ್ನುವುದಕ್ಕೆ ಸಾಕ್ಷಿ.

ಎಲ್ಲ ಮಕ್ಕಳೂ ಹೀಗೇ ಅಲ್ವಾ? ಯಾವಾಗ ಚಿಂತೆ ಮಾಡಬೇಕು?

ಹೌದು, ಇಲ್ಲಿರುವ ಒಂದೊಂದು ಲಕ್ಷಣವೂ ಎಲ್ಲ ಮಕ್ಕಳಲ್ಲೂ ಒಂದಲ್ಲ ಒಂದು ದಿನ ಕಾಣುತ್ತದೆ. ವ್ಯತ್ಯಾಸ ಇರುವುದು ಎಷ್ಟು, ಎಲ್ಲೆಲ್ಲಿ, ಎಷ್ಟು ಕಾಲದಿಂದ ಅನ್ನುವುದರಲ್ಲಿ.

2013ರ ಡಿಎಸ್‌ಎಂ-5 ಪ್ರಕಾರ ಗಮನದ್ದು 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿನದ್ದು 9 ಲಕ್ಷಣ. ಯಾವುದಾದರೂ ಒಂದು ಪಟ್ಟಿಯಲ್ಲಿ ಮಕ್ಕಳಿಗೆ ಕನಿಷ್ಠ 6 ಇರಬೇಕು, 17 ತುಂಬಿದವರಿಗೆ 5 ಸಾಕು. ಕನಿಷ್ಠ 6 ತಿಂಗಳಿಂದ ಇರಬೇಕು. 12 ವರ್ಷಕ್ಕೆ ಮೊದಲೇ ಕೆಲವು ಕಾಣಿಸಿಕೊಂಡಿರಬೇಕು. ಒಂದು ಕಡೆ ಮಾತ್ರ ಕಂಡರೆ ಸಾಲದು, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಕೊನೆಯದೇ ಮುಖ್ಯ: ಇದರಿಂದ ಬದುಕಿಗೆ ನಿಜವಾದ ಪೆಟ್ಟು ಬೀಳುತ್ತಿರಬೇಕು. ಓದು ಹಿಂದೆ ಬೀಳುತ್ತಿದೆ, ಗೆಳೆಯರು ದೂರ ಆಗುತ್ತಿದ್ದಾರೆ, ಮನೆಯಲ್ಲಿ ದಿನಾ ಅಳು, ಕೂಗಾಟ, ಹೀಗೆ. ತುಂಟತನ ಮಾಡಿಕೊಂಡು, ಆಟ ಆಡಿಕೊಂಡು, ಕಲಿಯಬೇಕಾದ್ದನ್ನು ಕಲಿತುಕೊಂಡು ಇರುವ ಮಗುವನ್ನು ಸುಮ್ನೆ ಬಿಡಿ.

ಇನ್ನೊಂದು ಮಾತು. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ಮಗುವಿಗೆ ಎಡಿಎಚ್‌ಡಿ ಹಣೆಪಟ್ಟಿ ಬೀಳುವ ಸಂಭವ ಹೆಚ್ಚು ಅಂತ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಆರು ವರ್ಷದ ಮಕ್ಕಳ ನಡುವೆ ಹನ್ನೊಂದು ತಿಂಗಳ ಅಂತರ ಅಂದರೆ ಬಹಳ ದೊಡ್ಡದು. ನಿಮ್ಮ ಮಗು ಅಂಥದ್ದಾದರೆ ಡಾಕ್ಟರಿಗೆ ಮೊದಲೇ ಹೇಳಿ.

ಇದು ಈಗಿನ ಕಾಲದ ಕಾಯಿಲೆನಾ? ನಮ್ಮ ಕಾಲದಲ್ಲಿ ಇರಲಿಲ್ಲವಲ್ಲ?

ಇತ್ತು. ಹೆಸರು ಬೇರೆ ಇತ್ತು: ದಡ್ಡ, ಪುಂಡ, ಕಾಲಿಗೆ ಚಕ್ರ ಕಟ್ಟಿಕೊಂಡವನು, ತಲೆ ಎಲ್ಲೋ ಇರುವವಳು. ವೈದ್ಯರೂ ನೋಡಿದ್ದರು. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲೇ ಗಮನ ನಿಲ್ಲದ ಈ ಸ್ಥಿತಿಯ ಬಗ್ಗೆ ಬರೆದಿದ್ದಾರೆ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಸರಿಯಿದ್ದೂ ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟರು. ಆಗ ಟಿವಿಯೂ ಇರಲಿಲ್ಲ, ಮೊಬೈಲೂ ಇರಲಿಲ್ಲ.

ಹಾಗಂತ ಸಂಖ್ಯೆ ಏರಿದ್ದು ಸುಳ್ಳಲ್ಲ. ಗುರುತಿಸುವವರು ಹೆಚ್ಚಾಗಿದ್ದಾರೆ, ನಿಯಮ ಸಡಿಲವಾಗಿದೆ. ಮೊದಲು 7 ವರ್ಷಕ್ಕೆ ಮುಂಚೆ ಕಾಣಬೇಕು ಅಂತಿತ್ತು, ಈಗ 12. ಕೆಲವು ಕಡೆ ಅವಸರದಲ್ಲಿ ಹಣೆಪಟ್ಟಿ ಹಚ್ಚುವುದೂ ಇದೆ, ಇನ್ನು ಕೆಲವು ಕಡೆ ಕಣ್ಣೆದುರೇ ಇದ್ದರೂ ಯಾರೂ ನೋಡದಿರುವುದೂ ಇದೆ. ಜಗತ್ತಿನಾದ್ಯಂತ ನಡೆದ ಅಧ್ಯಯನಗಳನ್ನು ಒಟ್ಟು ಹಾಕಿದರೆ ಮಕ್ಕಳಲ್ಲಿ ಸುಮಾರು ನೂರಕ್ಕೆ 5, ದೊಡ್ಡವರಲ್ಲಿ ನೂರಕ್ಕೆ ಎರಡೂವರೆಯ ಆಸುಪಾಸು.

ಯಾಕೆ ಬರುತ್ತದೆ? ನಾವು ಬೆಳೆಸಿದ್ದೇ ತಪ್ಪಾಯಿತಾ?

ಇಲ್ಲ. ಈ ಪ್ರಶ್ನೆ ಕೇಳುವ ತಾಯಂದಿರ ದನಿ ಫೋನಿನಲ್ಲೇ ಗೊತ್ತಾಗುತ್ತದೆ. ಅದಕ್ಕೇ ಉತ್ತರವನ್ನು ಮೊದಲ ಪದದಲ್ಲೇ ಹೇಳಿಬಿಡುವುದು.

ಇದು ಬಹುಮಟ್ಟಿಗೆ ರಕ್ತದಲ್ಲಿ ಬರುವಂಥದ್ದು. ಅವಳಿ ಮಕ್ಕಳ ಅಧ್ಯಯನಗಳನ್ನು ನೋಡಿದರೆ, ಜನರ ನಡುವಿನ ವ್ಯತ್ಯಾಸದಲ್ಲಿ ನೂರಕ್ಕೆ 70ರಿಂದ 80ರಷ್ಟು ವಂಶವಾಹಿಗಳ ಪಾಲು. ಎತ್ತರದಷ್ಟು ಅಲ್ಲದಿದ್ದರೂ ಅದರ ಹತ್ತಿರಕ್ಕೇ ಬರುತ್ತದೆ. ಒಂದು ಜೀನ್ ಕೆಲಸ ಇದಲ್ಲ. ಸಣ್ಣಸಣ್ಣ ಪ್ರಭಾವದ ನೂರಾರು ಸೇರುತ್ತವೆ. ಅವಧಿಗೆ ಮೊದಲು ಹುಟ್ಟಿದ, ಹುಟ್ಟುವಾಗ ತೂಕ ತೀರಾ ಕಮ್ಮಿ ಇದ್ದ ಮಕ್ಕಳಲ್ಲಿ ಹೆಚ್ಚು ಕಾಣುತ್ತದೆ. ಸೀಸ ಮೈಗೆ ಸೇರಿದ ಮಕ್ಕಳಲ್ಲೂ ಹೆಚ್ಚು.

ಮೆದುಳಿನಲ್ಲಿ ಏನು ನಡೆಯುತ್ತದೆ ಅಂತಲೂ ಅಲ್ಪಸ್ವಲ್ಪ ಗೊತ್ತು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ತಂಡ ಮಕ್ಕಳ ಮೆದುಳಿನ ಹೊರಪದರದ ದಪ್ಪವನ್ನು ವರ್ಷಗಟ್ಟಲೆ ಅಳೆದು ನೋಡಿತು. ಹೆಚ್ಚಿನ ಮಕ್ಕಳಲ್ಲಿ ಅದು ಸುಮಾರು ಏಳೂವರೆ ವರ್ಷಕ್ಕೆ ತುದಿ ಮುಟ್ಟಿದರೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹತ್ತೂವರೆ. ತಡ ಹೆಚ್ಚಾಗಿ ಕಂಡದ್ದು ಹಣೆಯ ಹಿಂದಿನ ಭಾಗದಲ್ಲಿ. ತಡೆ, ತಾಳು, ಆಮೇಲೆ ಮಾಡು ಅಂತ ಹೇಳುವ ಜಾಗ ಅದೇ. ಇದನ್ನು ಓದಿದ ಮೇಲೆ ನಾನು ಮಗಳ ಶಿಸ್ತಿನ ವಯಸ್ಸಿನಲ್ಲಿ ಎರಡು ಮೂರು ವರ್ಷ ಕಳೆದು ನೋಡಲು ಕಲಿತೆ. ಎಂಟು ವರ್ಷದವಳಿಂದ ಎಂಟರ ಶಿಸ್ತು ಕೇಳುವುದನ್ನು ಬಿಟ್ಟೆ. ಮನೆಯಲ್ಲಿ ಅರ್ಧ ಜಗಳ ಅಲ್ಲಿಗೇ ನಿಂತಿತು.

ಬೆಳೆಸುವ ರೀತಿಯಿಂದ ಎಡಿಎಚ್‌ಡಿ ಬರುವುದಿಲ್ಲ. ಆದರೆ ಅದರ ಜತೆ ಬದುಕುವುದು ಸುಲಭವೋ ನರಕವೋ ಅನ್ನುವುದು ಮನೆಯ ರೀತಿಯ ಮೇಲೆ ನಿಂತಿದೆ.

ಸಿಹಿ ಜಾಸ್ತಿ ತಿಂದರೆ ಬರುತ್ತದಂತೆ?

ಇಲ್ಲ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ತಮ್ಮ ಗಂಡುಮಕ್ಕಳು ಸಕ್ಕರೆ ತಿಂದರೆ ಹಾರಾಡುತ್ತಾರೆ ಅಂತ ನಂಬಿದ್ದ ತಾಯಂದಿರನ್ನು ಕರೆದರು. ಎಲ್ಲ ಮಕ್ಕಳಿಗೂ ಕೊಟ್ಟದ್ದು ಸಕ್ಕರೆಯಿಲ್ಲದ ಪಾನೀಯ. ಅರ್ಧದಷ್ಟು ತಾಯಂದಿರಿಗೆ ಮಾತ್ರ "ಸಕ್ಕರೆ ಕೊಟ್ಟಿದ್ದೇವೆ" ಅಂದರು. ಆ ತಾಯಂದಿರಿಗೆ ಮಕ್ಕಳು ಹೆಚ್ಚು ಚೇಷ್ಟೆ ಮಾಡಿದಂತೆ ಕಂಡಿತು. ಅವರು ಮಕ್ಕಳ ಬೆನ್ನಿಗೇ ನಿಂತರು, ಹೆಚ್ಚು ತಪ್ಪು ಹಿಡಿದರು. ಸಕ್ಕರೆ ಇದ್ದದ್ದು ಅಮ್ಮನ ತಲೆಯಲ್ಲಿ.

ಮೊಬೈಲಿನಿಂದ?

ಹುಟ್ಟುವುದಿಲ್ಲ. ಆದರೆ ನಿದ್ದೆ ಕೆಡಿಸುತ್ತದೆ. ನಿದ್ದೆ ಕೆಟ್ಟರೆ ಎಡಿಎಚ್‌ಡಿ ಇರುವವರ ಮರುದಿನ ಪೂರ್ತಿ ಹಾಳು. ರಾತ್ರಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ದೊಡ್ಡವರದ್ದೂ.

ಮಗಳು ತುಂಬಾ ಶಾಂತ. ಅವಳಿಗೂ ಇರಬಹುದಾ?

ಇರಬಹುದು, ಮತ್ತು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಬೆಂಚಿನ ಮೇಲೆ ಹತ್ತುವ ಹುಡುಗನನ್ನು ಟೀಚರ್ ಮೊದಲ ವಾರವೇ ಗುರುತಿಸುತ್ತಾರೆ. ಕಿಟಕಿ ಆಚೆ ನೋಡುತ್ತಾ ಕೂತ ಹುಡುಗಿಯಿಂದ ಯಾರಿಗೂ ತೊಂದರೆ ಇಲ್ಲ. "ಒಳ್ಳೆ ಹುಡುಗಿ, ಸ್ವಲ್ಪ ಕನಸು ಕಾಣ್ತಾಳೆ" ಅಂತ ರಿಪೋರ್ಟ್ ಕಾರ್ಡಿನಲ್ಲಿ ಬರೆದು ಮುಂದಿನ ತರಗತಿಗೆ ದಾಟಿಸುತ್ತಾರೆ. ಮಕ್ಕಳಲ್ಲಿ ಹುಡುಗಿಯರಿಗಿಂತ ಹುಡುಗರಲ್ಲಿ ಎರಡು ಮೂರು ಪಟ್ಟು ಪತ್ತೆಯಾಗುತ್ತದೆ. ದೊಡ್ಡವರಲ್ಲಿ ಆ ಅಂತರ ಬಹಳ ಕಮ್ಮಿಯಾಗುತ್ತದೆ. ಅಂದರೆ ಎಷ್ಟೋ ಹುಡುಗಿಯರು ಪತ್ತೆಯಾಗದೆ ಬೆಳೆದುಬಿಟ್ಟಿರುತ್ತಾರೆ ಅಂತಲೇ ಅಲ್ವಾ? ಇಂಥವರು ನಡುವಯಸ್ಸಿನಲ್ಲಿ ಆತಂಕ, ಖಿನ್ನತೆ ಅಂತ ಡಾಕ್ಟರ ಹತ್ತಿರ ಹೋದಾಗ ಬುಡದಲ್ಲಿದ್ದದ್ದು ಹೊರಗೆ ಬರುತ್ತದೆ.

ಪತ್ತೆ ಹೇಗೆ? ಸ್ಕ್ಯಾನ್ ಮಾಡಿಸಬೇಕಾ?

ಸ್ಕ್ಯಾನ್ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಒಂದೇ ಸ್ಕ್ಯಾನಿನಲ್ಲಿ ಹೇಳಿಬಿಡುತ್ತೇವೆ ಅನ್ನುವವರಿಂದ ದೂರ ಇರಿ. ಮೇಲೆ ಹೇಳಿದ ಮೆದುಳಿನ ವ್ಯತ್ಯಾಸ ಕಾಣುವುದು ನೂರಾರು ಮಕ್ಕಳ ಸರಾಸರಿಯಲ್ಲಿ. ಒಬ್ಬರ ಚಿತ್ರ ನೋಡಿ ಹೇಳಲಾಗದು.

ಮನೋವೈದ್ಯರೋ, ಮಕ್ಕಳ ವೈದ್ಯರೋ, ಪಳಗಿದ ಮನಶ್ಶಾಸ್ತ್ರಜ್ಞರೋ ಕೂತು ಕೇಳುತ್ತಾರೆ. ಹುಟ್ಟಿದಾಗಿನಿಂದ ಇವತ್ತಿನವರೆಗಿನ ಕತೆ, ಮನೆಯವರಿಗೊಂದು ಪ್ರಶ್ನಾವಳಿ, ಟೀಚರಿಗೊಂದು. ಒಳ್ಳೆ ಪರೀಕ್ಷೆಗೆ ಹೊತ್ತು ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಚೀಟಿ ಬರೆದುಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಬೇರೆ ಕಾರಣ ಇದೆಯೇ ಅಂತಲೂ ನೋಡಬೇಕು. ಕಿವಿ ಸರಿಯಾಗಿ ಕೇಳದ ಮಗು, ಬೋರ್ಡ್ ಕಾಣದ ಮಗು, ಮೂಗು ಕಟ್ಟಿ ಗೊರಕೆ ಹೊಡೆದು ರಾತ್ರಿಯಿಡೀ ಅರೆನಿದ್ದೆ ಮಾಡುವ ಮಗು, ಥೈರಾಯ್ಡ್ ತೊಂದರೆ, ಕೆಲವೇ ಸೆಕೆಂಡು ಕಣ್ಣು ನಿಲ್ಲಿಸುವ ಒಂದು ಬಗೆಯ ಮೂರ್ಛೆರೋಗ, ಮನೆಯಲ್ಲಿ ನಡೆಯುವ ಹಿಂಸೆ, ಇವೆಲ್ಲ ಹೊರಗಿನಿಂದ ಗಮನ ಕೊರತೆಯಂತೆಯೇ ಕಾಣುತ್ತವೆ. ಎಡಿಎಚ್‌ಡಿ ಒಂಟಿಯಾಗಿ ಬರುವುದೂ ಕಮ್ಮಿ. ಓದು ಬರಹದ ತೊಂದರೆ, ಆತಂಕ, ಆಟಿಸಂ ಜತೆಗಿರಬಹುದು. ಒಂದನ್ನು ಕಂಡು ಇನ್ನೊಂದನ್ನು ಬಿಟ್ಟರೆ ಚಿಕಿತ್ಸೆ ಕುಂಟುತ್ತದೆ.

ಇಂಟರ್ನೆಟ್ಟಿನಲ್ಲಿ ಪರೀಕ್ಷೆ ಮಾಡಿಕೊಂಡೆ. 'ಇದೆ' ಅಂತ ಬಂತು.

ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಜತೆ ಸೇರಿ ರೂಪಿಸಿದ ಎಎಸ್‌ಆರ್‌ಎಸ್ ಅನ್ನುವ 18 ಪ್ರಶ್ನೆಗಳ ಪಟ್ಟಿ ಇದೆ. ಅದರಲ್ಲಿ ಮೊದಲ 6 ಪ್ರಶ್ನೆ ಬೇಗ ಸೋಸಿ ನೋಡಲು. ಡಾಕ್ಟರ ಹತ್ತಿರ ಹೋಗಬೇಕಾ ಬೇಡವಾ ಅಂತ ಅದು ಹೇಳುತ್ತದೆ, ಅದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಒಂದು ನಿಮಿಷದ ವಿಡಿಯೊ ನೋಡಿ 'ಅಯ್ಯೋ ಇದು ನಾನೇ' ಅನಿಸಿದ್ದು ಇದಕ್ಕಿಂತಲೂ ಕಮ್ಮಿ.

ಬುದ್ಧಿ ಕಮ್ಮಿ ಇರುತ್ತದಾ?

ಇಲ್ಲ. ಎಲ್ಲ ಮಟ್ಟದ ಬುದ್ಧಿಯವರಲ್ಲೂ ಇದು ಇದೆ. ತುಂಬಾ ಚುರುಕಾದವರು ಹತ್ತನೇ ತರಗತಿವರೆಗೆ ಬರೀ ಬುದ್ಧಿಯ ಬಲದಲ್ಲಿ ದಾಟಿಬಿಡುತ್ತಾರೆ. ಆಮೇಲೆ ಕೂತು ಓದಲೇಬೇಕಾದಾಗ ಒಮ್ಮೆಲೇ ಕುಸಿಯುತ್ತಾರೆ. ಆಗ ಮನೆಯವರು "ಕೆಟ್ಟ ಸಹವಾಸ" ಅಂತಾರೆ.

ಮಾತ್ರೆ ಕೊಡಬೇಕಾ? ಚಂಚಲ ಮಗುವಿಗೆ ಉತ್ತೇಜಕ ಕೊಟ್ಟರೆ ಇನ್ನಷ್ಟು ಹಾರಾಡುವುದಿಲ್ವಾ?

ಮೊದಲು ಕೇಳಿದಾಗ ನನಗೂ ತಲೆಕೆಳಗು ಅನಿಸಿತು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಅನ್ನುವ ವೈದ್ಯರಿಗೂ ಹಾಗೇ ಅನಿಸಿತ್ತು. ಅವರು ಮಕ್ಕಳಿಗೆ ಬೆಂಜೆಡ್ರಿನ್ ಅನ್ನುವ ಉತ್ತೇಜಕ ಕೊಟ್ಟದ್ದು ಒಂದು ವೈದ್ಯಕೀಯ ಪರೀಕ್ಷೆಯ ನಂತರದ ತಲೆನೋವಿಗೆ. ತಲೆನೋವಿಗೆ ಅಷ್ಟೇನೂ ಆಗಲಿಲ್ಲ. ಆದರೆ ಮಕ್ಕಳು ಕೂತು ಲೆಕ್ಕ ಮಾಡಲು ಶುರುಮಾಡಿದರು. ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಅಂತ ಹೆಸರಿಟ್ಟರಂತೆ.

ಕೆಲಸ ಮಾಡುವ ಬಗೆ ಇಷ್ಟು: ಮೆದುಳಿನ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕಗಳಿವೆ. ಸುದ್ದಿ ಮುಟ್ಟಿಸಿದ ಮೇಲೆ ಕೋಶ ಅವನ್ನು ವಾಪಸ್ ಹೀರಿಕೊಳ್ಳುತ್ತದೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಅನ್ನುವ ಉತ್ತೇಜಕ ಆ ಹೀರುವಿಕೆಯನ್ನು ತಡೆಯುತ್ತದೆ. ರಾಸಾಯನಿಕ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಉಳಿಯುತ್ತದೆ. ತಡೆಯುವ, ತಾಳುವ ಆ ಹಣೆಯ ಹಿಂದಿನ ಭಾಗಕ್ಕೆ ಬಲ ಬರುತ್ತದೆ. ಅಂದರೆ ಉತ್ತೇಜನ ಸಿಗುವುದು ಬ್ರೇಕಿಗೆ.

ಚಿಕ್ಕ ಅವಧಿಯ ಮಾತ್ರೆ 3-4 ಗಂಟೆ, ದೀರ್ಘ ಅವಧಿಯದ್ದು 8ರಿಂದ 12 ಗಂಟೆ ಇರುತ್ತದೆ. ಉತ್ತೇಜಕ ಅಲ್ಲದ ಅಟೊಮಾಕ್ಸೆಟಿನ್ ಇದೆ. ಅದು ಪೂರ್ತಿ ಕೆಲಸ ಮಾಡಲು ವಾರಗಳು ಬೇಕು. ಶುರುವಿನಲ್ಲಿ ಮಗುವಿನ ಮನಸ್ಸು ಕುಗ್ಗಿದಂತೆ ಕಂಡರೆ, ಸಾಯುವ ಮಾತಾಡಿದರೆ, ಕೂಡಲೇ ಡಾಕ್ಟರಿಗೆ ಹೇಳಿ. ಗ್ವಾನ್‌ಫಸಿನ್, ಕ್ಲೊನಿಡಿನ್ ಕೂಡ ಬಳಕೆಯಲ್ಲಿವೆ.

ತುಂಬಾ ಚಿಕ್ಕ ಮಕ್ಕಳಿಗೆ ಮಾತ್ರೆ ಮೊದಲ ದಾರಿಯಲ್ಲ. 4-5 ವರ್ಷದವರಿಗೆ ಮೊದಲು ಅಪ್ಪ ಅಮ್ಮನಿಗೆ ತರಬೇತಿ ಕೊಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ. ದೊಡ್ಡ ಮಕ್ಕಳಲ್ಲಿ ಮಾತ್ರೆ ಮತ್ತು ನಡವಳಿಕೆಯ ತರಬೇತಿ ಎರಡೂ ಒಟ್ಟಿಗೆ ಹೋದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಮಾತ್ರೆ ಕೆಲಸ ಮಾಡಿತು. ಪಕ್ಕದ ಮನೆಯಲ್ಲಿ ಮಾಡದಿರಬಹುದು. ಕೊಡುವುದು ಬಿಡುವುದು ನಿಮ್ಮ ಮತ್ತು ಡಾಕ್ಟರ ನಡುವಿನ ಮಾತು, ಅತ್ತೆ ಮಾವಂದಿರದ್ದಲ್ಲ, ನನ್ನದೂ ಅಲ್ಲ.

ಚಟ ಆಗುತ್ತದಾ? ಅಡ್ಡ ಪರಿಣಾಮ?

ಡಾಕ್ಟರ್ ಹೇಳಿದ ಪ್ರಮಾಣದಲ್ಲಿ, ಬಾಯಿಯ ಮೂಲಕ ತೆಗೆದುಕೊಂಡರೆ ಚಟ ಹಿಡಿಯುವುದು ಅಪರೂಪ. ಎಡಿಎಚ್‌ಡಿ ಇಲ್ಲದವರು ಪರೀಕ್ಷೆಗೆ ಓದಲು ಅಂತ ನುಂಗುವುದು ಬೇರೆ ಕತೆ, ಅಪಾಯದ ಕತೆ. ಹಾಗಾಗಿ ಮಾತ್ರೆ ಬೀಗದೊಳಗಿರಲಿ, ಯಾರಿಗೂ ಹಂಚಬೇಡಿ.

ಹಸಿವು ಕಮ್ಮಿಯಾಗುವುದು, ನಿದ್ದೆ ತಡವಾಗುವುದು, ತಲೆನೋವು, ಹೊಟ್ಟೆನೋವು ಸಾಮಾನ್ಯ. ರಕ್ತದೊತ್ತಡ, ಎದೆಬಡಿತ ತುಸು ಏರಬಹುದು. ವರ್ಷಗಟ್ಟಲೆ ತೆಗೆದುಕೊಂಡರೆ ಎತ್ತರದಲ್ಲಿ ಒಂದೆರಡು ಸೆಂಟಿಮೀಟರ್ ಕಮ್ಮಿಯಾಗಬಹುದು. ಅದಕ್ಕೇ ತೂಕ, ಎತ್ತರ, ಬಿಪಿ ಆಗಾಗ ನೋಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಮಾತ್ರೆ ತಗೊಂಡ ಮಗು ಗೊಂಬೆಯಂತೆ ಮಂಕಾಗಿ ಕೂತರೆ ಪ್ರಮಾಣ ಜಾಸ್ತಿಯಾಗಿದೆ, ಇಲ್ಲವೇ ಆ ಔಷಧ ಒಗ್ಗುತ್ತಿಲ್ಲ. 'ಈಗ ಎಷ್ಟು ಸಾಧು ಆಗಿದ್ದಾನೆ' ಅಂತ ಖುಷಿ ಪಡಬೇಡಿ, ವಾಪಸ್ ಹೋಗಿ.

ಮನೆಯಲ್ಲಿ ನಾವು ಏನು ಮಾಡಬಹುದು?

ತೊಂದರೆ ಇರುವುದು ಮಾಡುವ ಗಳಿಗೆಯಲ್ಲಿ. ಹಾಗಾಗಿ ಸಹಾಯವೂ ಆ ಗಳಿಗೆಯಲ್ಲೇ, ಆ ಜಾಗದಲ್ಲೇ ಸಿಗಬೇಕು. ರಾತ್ರಿ ಊಟದ ನಂತರ ಕೊಟ್ಟ ಉಪದೇಶ ಬೆಳಗ್ಗೆ ಏಳೂವರೆಗೆ ಶೂ ಗೂಡಿನ ಮುಂದೆ ಉಪಯೋಗಕ್ಕೆ ಬರುವುದಿಲ್ಲ.

ನಾವು ಮಾಡಿದ್ದು ಹೀಗೆ. ಶೂ ಗೂಡಿನಿಂದ ಪೇಪರ್ ತೆಗೆದೆವು. ಮೊದಲ ಉಪಾಯ ಅದೇ, ನಗಬೇಡಿ. ಸಾಕ್ಸನ್ನು ಶೂ ಒಳಗೇ ಇಟ್ಟೆವು. ಬಾಗಿಲ ಹಿಂದೆ ನಾಲ್ಕು ಚಿತ್ರ ಅಂಟಿಸಿದೆವು: ಸಾಕ್ಸು, ಶೂ, ಬ್ಯಾಗು, ನೀರಿನ ಬಾಟಲಿ. ಒಂದೊಂದು ಆದ ಮೇಲೆ ಒಂದೊಂದನ್ನು ಅವಳೇ ತಿರುಗಿಸುತ್ತಿದ್ದಳು. ಮೂರು ವಾರ ಚೆನ್ನಾಗಿ ನಡೆಯಿತು, ಆಮೇಲೆ ಅದು ಗೋಡೆಯ ಬಣ್ಣದಂತೆ ಕಣ್ಣಿಗೆ ಬೀಳದಾಯಿತು. ಚಿತ್ರ ಬದಲಾಯಿಸಿದೆವು. ಎಷ್ಟು ಒಳ್ಳೆ ಉಪಾಯವೂ ಹೀಗೆ ಹಳಸುತ್ತದೆ. ಹಳಸಿದಾಗ ಮಗು ಹಟ ಮಾಡುತ್ತಿದೆ ಅಂದುಕೊಳ್ಳದೆ ಉಪಾಯ ಬದಲಿಸಬೇಕು.

ದೂರದಿಂದ ಕೂಗುವುದನ್ನು ಬಿಟ್ಟೆವು. ಹತ್ತಿರ ಹೋಗಿ, ಭುಜ ಮುಟ್ಟಿ, ಕಣ್ಣು ಸೇರಿದ ಮೇಲೆ ಒಂದೇ ಒಂದು ಕೆಲಸ ಹೇಳುವುದು. ಮೂರು ಕೆಲಸ ಒಟ್ಟಿಗೆ ಹೇಳಿದರೆ ಕೊನೆಯದೊಂದೇ ಉಳಿಯುತ್ತದೆ, ಅದೂ ಅದೃಷ್ಟ ಚೆನ್ನಾಗಿದ್ದರೆ. ಹೊತ್ತು ಕಣ್ಣಿಗೆ ಕಾಣಬೇಕು. 'ಇನ್ನು ಹತ್ತು ನಿಮಿಷ' ಅನ್ನುವುದು ಇವರಿಗೆ ಬರೀ ಸದ್ದು. ಮುಳ್ಳಿನ ಗಡಿಯಾರವೋ ಮರಳು ಗಡಿಯಾರವೋ ಎದುರಿಗಿದ್ದರೆ ಹೊತ್ತು ಕರಗುವುದು ಕಾಣುತ್ತದೆ. ಶಭಾಷ್ ಅನ್ನುವುದೂ ಬಹುಮಾನವೂ ಆಗಿಂದಾಗಲೇ ಆಗಬೇಕು. ತಿಂಗಳ ಕೊನೆಗೆ ಸೈಕಲ್ ಕೊಡಿಸುತ್ತೇನೆ ಅನ್ನುವುದಕ್ಕಿಂತ ಈಗ ಸಿಗುವ ಒಂದು ಸ್ಟಿಕ್ಕರ್ ಹೆಚ್ಚು ಕೆಲಸ ಮಾಡುತ್ತದೆ.

ನಾಲ್ಕು ಏಟು ಬಿಟ್ಟರೆ ಸರಿ ಹೋಗುತ್ತದೆ ಅಂತಾರಲ್ಲ?

ನನಗೆ ಬಿಟ್ಟಿದ್ದರು. ಸರಿ ಹೋಗಲಿಲ್ಲ. ಸುಳ್ಳು ಹೇಳುವುದನ್ನು ಕಲಿತೆ.

ಶಾಲೆಯಲ್ಲಿ ಏನು ಕೇಳಬಹುದು?

ಸಣ್ಣಪುಟ್ಟವೇ ಹೆಚ್ಚು ಉಪಯೋಗ. ಟೀಚರಿಗೆ ಹತ್ತಿರ, ಕಿಟಕಿ ಬಾಗಿಲಿಗೆ ದೂರ ಕೂರಿಸುವುದು. ಇಪ್ಪತ್ತು ಲೆಕ್ಕವನ್ನು ಐದೈದಾಗಿ ಕೊಡುವುದು. ಪುಸ್ತಕ ತರುವುದು, ಬೋರ್ಡ್ ಒರೆಸುವುದು ಹೀಗೆ ನಡುವೆ ಎದ್ದು ಓಡಾಡಲು ಒಂದು ನೆಪ. ಪರೀಕ್ಷೆಗೆ ಹೆಚ್ಚುವರಿ ಹೊತ್ತು, ಗದ್ದಲವಿಲ್ಲದ ಕೋಣೆ. ಆಟದ ಪೀರಿಯಡ್ ಕಿತ್ತುಕೊಳ್ಳುವ ಶಿಕ್ಷೆ ಮಾತ್ರ ಬೇಡ ಅಂತ ಗಟ್ಟಿಯಾಗಿ ಹೇಳಿ. ಓಡಾಡಲೇಬೇಕಾದ ಮಗುವನ್ನು ಓಡಾಡಬಾರದು ಅಂತ ಕೂರಿಸಿದರೆ ಮುಂದಿನ ಪೀರಿಯಡ್ ಯಾರಿಗೆ ಕಷ್ಟ?

ಟೀಚರ್ ಜತೆ ಜಗಳಕ್ಕೆ ಹೋಗಬೇಡಿ. ಮನೆಯಲ್ಲಿ ಒಂದು ಮಗುವಿನ ಜತೆ ನಿಮಗೆ ಸಾಕಾಗಿದೆ, ಅವರ ಮುಂದೆ ನಲವತ್ತಿವೆ.

ದೊಡ್ಡವರಾದ ಮೇಲೆ ತಾನಾಗೇ ಹೋಗುತ್ತದಾ?

ಕೆಲವರಿಗೆ ಹೋಗುತ್ತದೆ. ಹೆಚ್ಚಿನವರಿಗೆ ರೂಪ ಬದಲಾಗುತ್ತದೆ. ಓಡುವ ಕಾಲು ನಿಲ್ಲುತ್ತದೆ, ಒಳಗಿನ ಚಡಪಡಿಕೆ ನಿಲ್ಲುವುದಿಲ್ಲ. ಏರಿಳಿತವೂ ಇದೆ: ಒಂದೆರಡು ವರ್ಷ ಏನೂ ಇಲ್ಲ ಅನಿಸಿ, ಹೊಸ ಕೆಲಸವೋ ಮಗುವೋ ಬಂದಾಗ ಮತ್ತೆ ತಲೆ ಎತ್ತುತ್ತದೆ.

ನನಗೆ ಈಗ ನಲವತ್ತು. ನನಗೂ ಇದೆಯಾ ಅಂತ ಹೇಗೆ ಗೊತ್ತಾಗುವುದು?

ನನ್ನ ಕತೆಯನ್ನೇ ಹೇಳುತ್ತೇನೆ. ಮಗಳ ಪ್ರಶ್ನಾವಳಿ ತುಂಬುತ್ತಾ ಕೂತಿದ್ದೆ. 'ವಸ್ತುಗಳನ್ನು ಆಗಾಗ ಕಳೆದುಕೊಳ್ಳುತ್ತಾರೆಯೇ', 'ಶುರುಮಾಡಿದ ಕೆಲಸ ಅರ್ಧಕ್ಕೆ ಬಿಡುತ್ತಾರೆಯೇ'. ಹೆಂಡತಿ ಪಕ್ಕದಲ್ಲಿ ನಿಂತು ಓದಿ, "ಇದು ಯಾರ ಫಾರ್ಮು?" ಅಂದಳು. ನಕ್ಕೆವು. ಆಮೇಲೆ ಇಬ್ಬರೂ ನಗುವುದನ್ನು ನಿಲ್ಲಿಸಿದೆವು.

ನನ್ನ ಮೇಜಿನ ಡ್ರಾಯರಿನಲ್ಲಿ ಒಡೆಯದ ಲಕೋಟೆಗಳಿದ್ದವು. ದುಡ್ಡಿಲ್ಲದೆ ಅಲ್ಲ, ಒಡೆಯಲಾಗದೆ ಬಿಲ್ಲಿನ ಮೇಲೆ ದಂಡ ಕಟ್ಟುತ್ತಿದ್ದೆ. ಎರಡು ಸಾಲಿನ ಒಂದು ಈಮೇಲಿಗೆ ಉತ್ತರ ಕೊಡಲು ಹನ್ನೊಂದು ದಿನ ಹಿಡಿದಿತ್ತು, ಹನ್ನೊಂದೂ ದಿನ ಅದರದ್ದೇ ಯೋಚನೆ. ಕೆಲಸವನ್ನು ಕುತ್ತಿಗೆಗೆ ಬರುವವರೆಗೆ ಮುಟ್ಟುತ್ತಿರಲಿಲ್ಲ. ಬಂದ ಮೇಲೆ ಒಂದೇ ರಾತ್ರಿಯಲ್ಲಿ ಮುಗಿಸುತ್ತಿದ್ದೆ. ಜನ ಮೆಚ್ಚುತ್ತಿದ್ದರು. ಮಾತಿನ ನಡುವೆ ಬಾಯಿ ಹಾಕುವುದು, ಥಟ್ಟನೆ ಕೋಪ, ಅಷ್ಟೇ ಬೇಗ ಪಶ್ಚಾತ್ತಾಪ. ಇವೆಲ್ಲ ನನ್ನ ಗುಣ ಅಂದುಕೊಂಡಿದ್ದೆ.

ಇವು ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವಂಥವು. ಆದರೆ ಇವತ್ತಿನ ಲಕ್ಷಣ ಮಾತ್ರ ಸಾಲದು, ಬಾಲ್ಯದಲ್ಲೂ ಇದ್ದಿರಬೇಕು. ಹೋದ ವರ್ಷದಿಂದ ಮಾತ್ರ ಗಮನ ನಿಲ್ಲುತ್ತಿಲ್ಲ ಅಂದರೆ ಕಾರಣ ಬೇರೆ ಇರಬಹುದು: ಖಿನ್ನತೆ, ನಿದ್ದೆ, ಥೈರಾಯ್ಡ್, ಕುಡಿತ, ಅಥವಾ ಮಿತಿಮೀರಿದ ಕೆಲಸ. ಚಿಕಿತ್ಸೆಯಲ್ಲಿ ಮಾತ್ರೆ ಇದೆ, ದೊಡ್ಡವರಿಗಾಗಿಯೇ ರೂಪಿಸಿದ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯೂ ಇದೆ. ಅದು ಬಾಲ್ಯವನ್ನು ಕೆದಕುತ್ತಾ ಕೂರುವುದಿಲ್ಲ. ನಾಳೆಯ ಕೆಲಸ ಹೇಗೆ ಒಡೆದುಕೊಳ್ಳಬೇಕು, ಎಲ್ಲಿ ಬರೆದಿಡಬೇಕು, ಮುಂದೂಡುವ ಮನಸ್ಸನ್ನು ಹೇಗೆ ಹಿಡಿಯಬೇಕು ಅನ್ನುವುದನ್ನು ಅಭ್ಯಾಸ ಮಾಡಿಸುತ್ತದೆ. ಗಾಡಿ ಓಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಎಡಿಎಚ್‌ಡಿ ಇರುವವರಲ್ಲಿ ಅಪಘಾತದ ಅಪಾಯ ಹೆಚ್ಚು.

ಗಂಡನಿಗೆ ಇದೆ. ಎಲ್ಲಕ್ಕೂ ಅದನ್ನೇ ನೆಪ ಹೇಳುತ್ತಾರೆ. ನಾನೇನು ಮಾಡಲಿ?

ನಿಮ್ಮ ಕೋಪ ನ್ಯಾಯವಾದದ್ದೇ. ಯಾಕೆ ಹೀಗಾಯಿತು ಅನ್ನುವುದಕ್ಕೆ ಎಡಿಎಚ್‌ಡಿ ಕಾರಣ ಆಗಬಹುದು, ಇನ್ನು ಮೇಲೂ ಹೀಗೇ ಆಗುತ್ತದೆ ಅನ್ನುವುದಕ್ಕೆ ಪರವಾನಗಿ ಅಲ್ಲ. ಮರೆಯುತ್ತೇನೆ ಅಂತ ಗೊತ್ತಿರುವವರು ಮರೆಯದಂತೆ ಏರ್ಪಾಟು ಮಾಡಿಕೊಳ್ಳಬೇಕು, ಅದು ಅವರ ಕೆಲಸ. ನೀವು ಅವರ ಅಲಾರಂ ಆಗಬೇಡಿ. ಒಮ್ಮೆ ಆದರೆ ಮತ್ತೆ ಹೆಂಡತಿ ಆಗುವುದು ಕಷ್ಟ ಅಂತ ನನ್ನಾಕೆ ಹೇಳುತ್ತಾಳೆ. ವಾರಕ್ಕೊಮ್ಮೆ ಇಬ್ಬರೂ ಕ್ಯಾಲೆಂಡರ್ ಹಿಡಿದು ಇಪ್ಪತ್ತು ನಿಮಿಷ ಕೂರಿ. ಬಿಲ್ಲುಗಳು ತಾವಾಗೇ ಬ್ಯಾಂಕಿನಿಂದ ಕಟ್ಟಿಹೋಗಲಿ. ಅವರಿಗೆ ಬರುವ ಕೆಲಸವನ್ನು ಅವರಿಗೆ ಪೂರ್ತಿಯಾಗಿ ಬಿಡಿ.

ಇದು ಶಾಪ ಅಲ್ಲ, ವರ ಅಂತಾರೆ. ನಿಜಾನಾ?

ನನಗೆ ಆ ಮಾತು ಅಷ್ಟು ರುಚಿಸುವುದಿಲ್ಲ. ಎಡಿಎಚ್‌ಡಿ ಇರುವವರಲ್ಲಿ ಚುರುಕು ಮಾತಿನವರು, ಹೊಸದನ್ನು ಕಟ್ಟುವವರು, ಆಪತ್ತಿನಲ್ಲಿ ಗಾಬರಿಯಾಗದವರು ಇದ್ದಾರೆ, ನಿಜ. ಆದರೆ ಕೆಲಸ ಕಳೆದುಕೊಂಡು, ಸಾಲ ಮಾಡಿಕೊಂಡು, 'ನಾನು ಯಾವುದಕ್ಕೂ ಲಾಯಕ್ಕಿಲ್ಲ' ಅಂತ ಕೂತವನಿಗೆ ಇದು ವರ ಅಂತ ಹೇಳಿ ನೋಡಿ. ಅವನಿಗೆ ಮೊದಲು ಬೇಕಾದದ್ದು ಚಿಕಿತ್ಸೆ. ಬದುಕು ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಅವತ್ತೇ ಡಾಕ್ಟರನ್ನು ಕಾಣಬೇಕು, ಮನೆಯವರಿಗೆ ಹೇಳಬೇಕು.

ಮಗುವಿಗೆ ಹೇಳಬೇಕಾ?

ಹೇಳಿ. ನೀವು ಹೆಸರು ಕೊಡದಿದ್ದರೆ ಅದೇ ಒಂದು ಹೆಸರು ಕೊಟ್ಟುಕೊಳ್ಳುತ್ತದೆ, ಅದು ಸಾಮಾನ್ಯವಾಗಿ 'ಕೆಟ್ಟವನು' ಅಂತ ಇರುತ್ತದೆ. ಮಗಳಿಗೆ ನಾನು ಹೇಳಿದ್ದು: "ನಿನ್ನ ತಲೆ ಜೋರು ಗಾಡಿ, ಬ್ರೇಕ್ ಸ್ವಲ್ಪ ಸಡಿಲ." ಅವಳು ಯೋಚಿಸಿ, "ಹಾರ್ನ್ ಚೆನ್ನಾಗಿದೆಯಾ?" ಅಂದಳು. ಹಾರ್ನಿನ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಏನೇನು ಒಯ್ಯಬೇಕು?

ಹಳೆಯ ರಿಪೋರ್ಟ್ ಕಾರ್ಡುಗಳು, ಅದರಲ್ಲೂ ಟೀಚರ್ ಕೈಬರಹದ ಸಾಲುಗಳಿರುವಂಥವು. ಮಗುವಿನ ಒಂದೆರಡು ನೋಟ್‌ಬುಕ್. ಒಂದು ವಾರ ಏನೇನಾಯಿತು ಅಂತ ಬರೆದ ಚೀಟಿ. 'ತುಂಬಾ ತರಲೆ' ಅಂತ ಬರೆದರೆ ಉಪಯೋಗವಿಲ್ಲ, 'ಮಂಗಳವಾರ ಹೋಂವರ್ಕಿಗೆ ಕೂತು ನಲವತ್ತು ನಿಮಿಷದಲ್ಲಿ ಒಂಬತ್ತು ಸಲ ಎದ್ದ' ಅಂತ ಬರೆಯಿರಿ. ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಹೆಸರು. ದೊಡ್ಡವರಾದರೆ, ನಿಮ್ಮನ್ನು ಚಿಕ್ಕಂದಿನಿಂದ ನೋಡಿದ ಯಾರಾದರೂ ಒಬ್ಬರು ಜತೆಗಿರಲಿ.

ಮತ್ತೆ, ಅಪಾಯಿಂಟ್‌ಮೆಂಟ್ ತಾರೀಕನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ಬಾಗಿಲ ಮೇಲೆ ಅಂಟಿಸಿ. ನನ್ನ ಮೊದಲ ಅಪಾಯಿಂಟ್‌ಮೆಂಟ್ ನಾನು ಮರೆತೆ. ಎರಡನೆಯದಕ್ಕೆ ಒಂದು ದಿನ ಮುಂಚೆ ಹೋಗಿಬಿಟ್ಟೆ.